ಎರಡು ದೋಣಿಯಲ್ಲಿ ಕಾಲಿಟ್ಟು ದಡ ಸೇರಿದ ಕ್ರಿಸ್ಟಾ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ನಿಮ್ಮ ಕ್ರೀಡಾಪುಟದ ಕೆಳಮೂಲೆಯಲ್ಲಿ ಬಂದ ಪುಟ್ಟ ಟಿಪ್ಪಣಿಯೊಂದರಲ್ಲಿ, ಒಂದೇ ವರ್ಷ ಚಳಿಗಾಲದ ಮತ್ತು ಬೇಸಿಗೆಯ ಒಲಿಂಪಿಕ್ಸ್ ಎರಡರಲ್ಲೂ ಪದಕ ಗೆದ್ದ ಏಕೈಕ ಕ್ರೀಡಾಪಟುವೆಂದು ಜರ್ಮನಿಯ ಕ್ರಿಸ್ಟಾ ರೋಟೆನ್‌ಬುರ್ಗರ್ ಲೂಡಿಂಗ್ ಅವರನ್ನು ಹೆಸರಿಸಲಾಗಿತ್ತು. ಅಷ್ಟು ಸರಿಯಾಗಿದೆ. ಆದರೆ ಅವರನ್ನು ಸ್ಕೇಟಿಂಗ್‌ನಲ್ಲೂ ಒಂದು ಕೈ ನೋಡಿದ ಸೈಕಲ್ ಓಟಗಾರ್ತಿ ಎಂಬರ್ಥದಲ್ಲಿ ಪರಿಚಯಿಸಿದ್ದು ಹಿಂದುಮುಂದಾಗಿದೆ. ಕ್ರಿಸ್ಟಾ ಮೊದಲಿನಿಂದ ಕೊನೆಯವರೆಗೂ ಮಂಜುಗಡ್ಡೆಯ ಮೇಲಿನ ವೇಗದ ಓಟಗಾರ್ತಿ; ಸೈಕಲ್ ಅವರ ಬದುಕಿಗೆ ಬಂದದ್ದು ಬೇಸಿಗೆಯ ತಾಲೀಮಾಗಿ. ಇದೊಂದು ಸಣ್ಣ ತಪ್ಪು, ಇದಕ್ಕಾಗಿ ಇಷ್ಟುದ್ದ ಪತ್ರ ಬೇಕೇ ಎಂದು ತಮಗೆ ಅನಿಸಬಹುದು. ಮೂವತ್ತಕ್ಕೂ ಹೆಚ್ಚು ವರ್ಷ ಗದಗ ತಾಲೂಕಿನ ಪ್ರೌಢಶಾಲೆಗಳಲ್ಲಿ ಸೀಟಿ ಊದಿದ ನನಗೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ಈ ಕ್ರಮದಲ್ಲಿಯೇ ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ ಭಾಗದ ಮಕ್ಕಳಿಗೆ ಬೇಕಾದ ಮಾತು ಇದೆ ಎಂದು ತೋರಿದ್ದರಿಂದ ಬರೆಯುತ್ತಿದ್ದೇನೆ.

ಕ್ರಿಸ್ಟಾ ಹುಟ್ಟಿದ್ದು 1959ರ ಡಿಸೆಂಬರಿನಲ್ಲಿ, ಆಗಿನ ಪೂರ್ವ ಜರ್ಮನಿಯ ವೈಸ್‌ವಾಸರ್‌ ಎಂಬ ಊರಿನಲ್ಲಿ. ಪೋಲೆಂಡ್ ಗಡಿಗೆ ಹತ್ತಿರದ ಆ ಊರಿಗೆ ಗಾಜಿನ ಕಾರ್ಖಾನೆಗಳಿಂದಲೂ ಐಸ್ ಹಾಕಿಯಿಂದಲೂ ಹೆಸರು. 1980ರಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೆ ಇಪ್ಪತ್ತು ವರ್ಷ. 500 ಮೀಟರ್ ಓಟದಲ್ಲಿ ಸಿಕ್ಕಿದ್ದು 12ನೆಯ ಸ್ಥಾನ. ಅದೇ ವರ್ಷ ಅವರ ತರಬೇತುದಾರ ಎರ್ನ್ಸ್ಟ್ ಲೂಡಿಂಗ್, ಮಂಜು ಇಲ್ಲದ ತಿಂಗಳುಗಳಲ್ಲಿ ಸೈಕಲ್ ಟ್ರ್ಯಾಕ್ ಹತ್ತುವಂತೆ ಸಲಹೆ ಕೊಟ್ಟರು. ನಾಲ್ಕು ವರ್ಷದ ನಂತರ, 1984ರ ಫೆಬ್ರುವರಿಯಲ್ಲಿ, ಆಗಿನ ಯುಗೊಸ್ಲಾವಿಯಾದ ಸರಾಯೆವೊ ಒಲಿಂಪಿಕ್ಸ್‌ನಲ್ಲಿ ಅದೇ 500 ಮೀಟರ್ ದೂರವನ್ನು 41.02 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು. ಸೈಕಲ್ಲಿನಿಂದಲೇ ಚಿನ್ನ ಬಂತೆಂದು ನಾನು ಹೇಳಲಾರೆ, ಇಪ್ಪತ್ತರಿಂದ ಇಪ್ಪತ್ನಾಲ್ಕಕ್ಕೆ ಕಾಲು ಹೇಗೂ ಬಲಿಯುತ್ತದೆ. ಸೈಕಲ್ ತುಳಿದದ್ದರಿಂದ ಸ್ಕೇಟಿಂಗ್ ಕೆಡಲಿಲ್ಲ ಎಂಬುದನ್ನಾದರೂ ಯಾರೂ ಅಲ್ಲಗಳೆಯುವಂತಿಲ್ಲ.

ಈ ಆಟವನ್ನು ನೋಡದವರಿಗಾಗಿ ಎರಡು ಮಾತು ಸೇರಿಸುತ್ತೇನೆ. ಸ್ಪೀಡ್ ಸ್ಕೇಟಿಂಗ್‌ನ ಅಂಕಣ ನಮ್ಮ ಕ್ರೀಡಾಂಗಣದ ಓಟದ ಪಥದಂತೆಯೇ 400 ಮೀಟರ್ ಸುತ್ತಳತೆಯ ಅಂಡಾಕಾರ. ಇಬ್ಬಿಬ್ಬರಾಗಿ ಓಡುತ್ತಾರೆ, ಒಬ್ಬರು ಒಳದಾರಿ, ಇನ್ನೊಬ್ಬರು ಹೊರದಾರಿ, ಪ್ರತಿ ಸುತ್ತಿಗೊಮ್ಮೆ ಎದುರುಬದಿಯ ನೇರದಲ್ಲಿ ದಾರಿ ಅದಲುಬದಲು ಮಾಡಿಕೊಳ್ಳಬೇಕು. ಕಾಲಡಿಯ ಅಲಗಿನ ದಪ್ಪ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅದರ ಮೇಲೆ ತೊಡೆ ನೆಲಕ್ಕೆ ಸಮಾಂತರವಾಗುವಷ್ಟು ಕುಳಿತು, ಬೆನ್ನನ್ನು ಹಲಗೆಯಂತೆ ಚಪ್ಪಟೆ ಮಾಡಿ, ಪಕ್ಕಕ್ಕೆ ಒದೆಯುತ್ತ ಸಾಗಬೇಕು. ಕ್ರಿಸ್ಟಾ ಅವರಂಥವರ ವೇಗ ಗಂಟೆಗೆ 45 ಕಿಲೋಮೀಟರ್ ಆಸುಪಾಸು. ಊರೊಳಗೆ ಅದಕ್ಕಿಂತ ಜೋರಾಗಿ ಬೈಕ್ ಓಡಿಸಿದರೆ ನಾವು ಮಕ್ಕಳನ್ನು ಗದರಿಸುತ್ತೇವೆ.

1988ರ ವರ್ಷವನ್ನು ಮಾತ್ರ ನಿಧಾನವಾಗಿ ಹೇಳಲೇಬೇಕು. ಆ ಫೆಬ್ರುವರಿಯಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ, ಒಲಿಂಪಿಕ್ಸ್ ಇತಿಹಾಸದಲ್ಲಿ ಮೊದಲ ಬಾರಿಗೆ ಸ್ಪೀಡ್ ಸ್ಕೇಟಿಂಗ್ ಸ್ಪರ್ಧೆಗಳು ಸೂರಿನಡಿ ನಡೆದವು. ಗಾಳಿಯ ಕಾಟವಿಲ್ಲ, ಹಿಮ ಬೀಳುವ ಭಯವಿಲ್ಲ, ಊರು ಎತ್ತರದಲ್ಲಿರುವುದರಿಂದ ಗಾಳಿಯೂ ತೆಳು. ದಾಖಲೆಗಳು ಒಂದರ ಮೇಲೊಂದು ಮುರಿದವು. 500 ಮೀಟರ್‌ನಲ್ಲಿ ಮೊದಲು ಓಡಿದ ಕ್ರಿಸ್ಟಾ 39.12 ಸೆಕೆಂಡುಗಳ ವಿಶ್ವದಾಖಲೆ ಬರೆದರು. ಸ್ವಲ್ಪ ಹೊತ್ತಿನಲ್ಲೇ ಅಮೆರಿಕದ ಬಾನಿ ಬ್ಲೇರ್ 39.10ರಲ್ಲಿ ಗೆರೆ ದಾಟಿ ಆ ದಾಖಲೆಯನ್ನೂ ಚಿನ್ನವನ್ನೂ ಕೊಂಡೊಯ್ದರು. ಸೆಕೆಂಡಿನ ನೂರರಲ್ಲಿ ಎರಡು ಭಾಗವೆಂದರೆ ಎಷ್ಟು? ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ ನೋಡಿದೆ: ಆ ವೇಗದಲ್ಲಿ ಸುಮಾರು 25 ಸೆಂಟಿಮೀಟರ್, ಅಂದರೆ ನನ್ನ ಒಂದು ಗೇಣಿಗಿಂತ ತುಸು ಹೆಚ್ಚು. ಅರ್ಧ ಕಿಲೋಮೀಟರ್ ಓಡಿ ಒಂದು ಗೇಣಿನಲ್ಲಿ ಸೋಲುವುದು! ಅದಾದ ಕೆಲವೇ ದಿನಗಳಲ್ಲಿ 1000 ಮೀಟರ್ ಓಟದಲ್ಲಿ ಅವರು 1 ನಿಮಿಷ 17.65 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಅಲ್ಲಿ ತಮ್ಮದೇ ದೇಶದ ಕರಿನ್ ಕಾನಿಯಾ ಅವರಿಗಿಂತ ಅವರು ಮುಂದಿದ್ದದ್ದು ಸೆಕೆಂಡಿನ ನೂರರಲ್ಲಿ ಐದು ಭಾಗ, ನಮ್ಮ ಅಳತೆಯಲ್ಲಿ ಒಂದೂವರೆ ಮೊಳದೊಳಗೆ. ಗೇಣಿನಲ್ಲಿ ಕಳೆದದ್ದನ್ನು ಮೊಳದಲ್ಲಿ ಗಳಿಸಿದರು.

ಅದೇ ವರ್ಷ ತರಬೇತುದಾರ ಲೂಡಿಂಗ್ ಅವರನ್ನು ಮದುವೆಯಾದರು, ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಸೋಲ್ ಒಲಿಂಪಿಕ್ಸ್‌ಗೆ ಹೋದರು. ಮಹಿಳೆಯರ ಟ್ರ್ಯಾಕ್ ಸೈಕ್ಲಿಂಗ್ ಒಲಿಂಪಿಕ್ಸ್‌ಗೆ ಸೇರಿದ್ದೇ ಆ ಸಲ. ಅಲ್ಲಿ ಸ್ಪ್ರಿಂಟ್, ಅಂದರೆ ಕಿರುದೂರದ ವೇಗದ ಸ್ಪರ್ಧೆಯಲ್ಲಿ ಆಗಿನ ಸೋವಿಯತ್ ಒಕ್ಕೂಟದ ಪರವಾಗಿ ಓಡಿದ ಎಸ್ಟೋನಿಯಾದ ಎರಿಕಾ ಸಾಲುಮೆ ಚಿನ್ನ ಗೆದ್ದರೆ, ಕ್ರಿಸ್ಟಾ ಬೆಳ್ಳಿ ಪಡೆದರು; ಕಂಚು ಪಡೆದ ಅಮೆರಿಕದ ಕೋನಿ ಪ್ಯಾರಾಸ್ಕೆವಿನ್ ಕೂಡ ಮಂಜಿನ ಮೇಲೆ ಓಡಿ ಬಂದವರೇ. ಇದೇನೂ ಲಾಟರಿ ಹೊಡೆದಂತೆ ಬಂದ ಪದಕವಲ್ಲ. ಎರಡು ವರ್ಷ ಮೊದಲೇ, 1986ರಲ್ಲಿ, ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಅವರು ಸೈಕಲ್ ಸ್ಪ್ರಿಂಟ್‌ನ ವಿಶ್ವ ಚಾಂಪಿಯನ್ ಆಗಿದ್ದರು; ಸ್ಕೇಟಿಂಗ್ ಸ್ಪ್ರಿಂಟ್‌ನ ವಿಶ್ವ ಪ್ರಶಸ್ತಿಯನ್ನು 1985 ಮತ್ತು 1988ರಲ್ಲಿ ಗೆದ್ದಿದ್ದರು.

ಚಳಿಗಾಲದ ಮತ್ತು ಬೇಸಿಗೆಯ ಕೂಟಗಳು ಒಂದೇ ವರ್ಷ ನಡೆಯುವ ಪದ್ಧತಿ 1992ಕ್ಕೆ ನಿಂತಿತು. 1994ರಿಂದ ಅವು ಎರಡೆರಡು ವರ್ಷದ ಅಂತರದಲ್ಲಿವೆ. ಕೊರೊನಾದಿಂದಾಗಿ ಟೋಕಿಯೊ ಕೂಟ 2021ರ ಬೇಸಿಗೆಗೆ ಜಾರಿದಾಗ, 2022ರ ಫೆಬ್ರುವರಿಯ ಬೀಜಿಂಗ್ ಕೂಟಕ್ಕೂ ಅದಕ್ಕೂ ಆರೇ ತಿಂಗಳ ಅಂತರ ಉಳಿದಿತ್ತು, ಆದರೂ ಕ್ಯಾಲೆಂಡರ್ ಬೇರೆಯಾಯಿತು. ಹೀಗಾಗಿ ಕ್ರಿಸ್ಟಾ ಅವರ ದಾಖಲೆಯನ್ನು ಮುರಿಯುವುದಿರಲಿ, ಸರಿಗಟ್ಟಲೂ ಈಗಿನ ವ್ಯವಸ್ಥೆಯಲ್ಲಿ ಆಗದು. ನಿಮ್ಮ ಟಿಪ್ಪಣಿ ಬರೆದವರಿಗೆ ಈ ಏಕೈಕತನವೇ ಮುಖ್ಯವಾಗಿ ಕಂಡಿದೆ. ನನಗೆ ಕುತೂಹಲ ಇರುವುದು ಆ ಏಳು ತಿಂಗಳಲ್ಲಿ ಆ ಕಾಲುಗಳು ಏನು ಮಾಡಿದವು ಎಂಬುದರಲ್ಲಿ.

ಹೋದ ವರ್ಷ ಜುಲೈ ತಿಂಗಳು ನಾನು ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿದ್ದೆ. ಹನ್ನೊಂದು ವರ್ಷದ ಮೊಮ್ಮಗಳು ರೋಲರ್ ಸ್ಕೇಟಿಂಗ್ ಕಲಿಯುತ್ತಾಳೆ. ಜಿಟಿಜಿಟಿ ಮಳೆ ಹಿಡಿದು ವಾರವಾಗಿತ್ತು. ಒದ್ದೆ ನೆಲದ ಮೇಲೆ ಆ ಗಾಲಿಗಳು ನಿಲ್ಲುವುದಿಲ್ಲವಾದ್ದರಿಂದ ತರಬೇತಿ ಬಂದ್. ಅವಳು ಅಂಗಳದ ಕಟ್ಟೆಯ ಮೇಲೆ ಕುಳಿತು, ಗಾಲಿಯಿಂದ ಬೇರಿಂಗ್‌ಗಳನ್ನು ಒಂದೊಂದಾಗಿ ಕಿತ್ತು, ತಂಬಿಗೆಯಷ್ಟು ದೊಡ್ಡದಲ್ಲದ ಒಂದು ಸ್ಟೀಲ್ ಬಟ್ಟಲಿನಲ್ಲಿ ಚಿಮಣಿ ಎಣ್ಣೆ ಸುರಿದು ಅದ್ದಿಡುತ್ತಿದ್ದಳು. ನೀರು ಕುಡಿದ ಬೇರಿಂಗನ್ನು ಬೆರಳಿನಲ್ಲಿ ತಿರುವಿದರೆ ಕರಕರ ಎನ್ನುತ್ತದೆ, ಎಣ್ಣೆ ಕುಡಿದು ಒಣಗಿದ ಮೇಲೆ ಸದ್ದಿಲ್ಲದೆ ಎಷ್ಟೋ ಹೊತ್ತು ತಿರುಗುತ್ತಲೇ ಇರುತ್ತದೆ. ಅವಳು ಅದನ್ನು ಕಿವಿಗೆ ಹಿಡಿದು ಕೇಳುತ್ತಿದ್ದಳು. ಕೆಲಸ ಮುಗಿದ ಮೇಲೆ, "ಅಜ್ಜಾ, ಇನ್ನ ಮಳಿ ನಿಲ್ಲೂತನಕ ನಾ ಏನ್ ಮಾಡ್ಲಿ?" ಎಂದಳು.

ನಾನು ಅವಳನ್ನು ಗೋಡೆಯ ಪಕ್ಕ ನಿಲ್ಲಿಸಿ, ಸ್ಕೇಟಿಂಗ್‌ನಲ್ಲಿ ಕೂರುವಂತೆ ಬಗ್ಗಿ ಕೂರಲು ಹೇಳಿದೆ. ಒಂದು ನಿಮಿಷ ತುಂಬುವ ಮುಂಚೆಯೇ ತೊಡೆ ನಡುಗತೊಡಗಿತು. ನಡುಗಿದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದೆ. ಮೊಣಕಾಲಿನಿಂದ ಒಂದು ಗೇಣು ಮೇಲೆ, ತೊಡೆಯ ಮುಂಭಾಗ. ಆಮೇಲೆ ಅವಳ ಅಣ್ಣನ ಸೈಕಲ್ ತಂದು, ಸೀಟನ್ನು ಸರಿಯಾದ ಎತ್ತರಕ್ಕೆ ಏರಿಸಿ, ಉಣಕಲ್ ಕೆರೆಯ ಕಡೆಯ ಒಂದು ಏರಿನಲ್ಲಿ ಸೀಟಿನಿಂದ ಏಳದೆ ತುಳಿಯಲು ಹೇಳಿದೆ. ಮೇಲೆ ಬಂದು ಸೈಕಲ್ಲಿನಿಂದ ಇಳಿದವಳೇ ಮಾತಾಡದೆ ಸೀಮೆಸುಣ್ಣದ ಗುರುತಿನ ಮೇಲೆ ಬೆರಳಿಟ್ಟು ತೋರಿಸಿದಳು.

ಶರೀರಶಾಸ್ತ್ರದ ಪುಸ್ತಕ ಇದನ್ನೇ ಉದ್ದನೆಯ ಮಾತುಗಳಲ್ಲಿ ಹೇಳುತ್ತದೆ. ಸ್ಕೇಟಿಂಗ್‌ನಲ್ಲೂ ಸೈಕಲ್ಲಿನಲ್ಲೂ ಮಡಿಚಿದ ಮೊಣಕಾಲನ್ನು ಬಲವಾಗಿ ಬಿಚ್ಚುವ ತೊಡೆಯ ಮುಂಭಾಗದ ಮತ್ತು ಪಿರ್ರೆಯ ಸ್ನಾಯುಗಳೇ ಯಜಮಾನರು. ಎರಡರಲ್ಲೂ ಸೊಂಟದಿಂದ ಬಗ್ಗಿ ಗಾಳಿಗೆ ಮೈ ಚಿಕ್ಕದು ಮಾಡಿಕೊಳ್ಳಬೇಕು. ಓಟದಲ್ಲಿ ಹೆಜ್ಜೆ ಹೆಜ್ಜೆಗೂ ನೆಲದಿಂದ ಮೊಣಕಾಲಿಗೆ ಬರುವ ಏಟು ಇವೆರಡರಲ್ಲೂ ಇಲ್ಲ. ಇನ್ನೂ ಒಂದು ಸೋಜಿಗವಿದೆ: ಮಂಜಿನ ಅಂಕಣದಲ್ಲೂ ಸೈಕಲ್ ಟ್ರ್ಯಾಕಿನಲ್ಲೂ ಯಾವಾಗಲೂ ಎಡಕ್ಕೇ ತಿರುಗುವುದು. ಎಡಕ್ಕೆ ವಾಲಿ ವೇಗ ಕಾಯುವ ಧೈರ್ಯವನ್ನು ಕ್ರಿಸ್ಟಾ ಎರಡು ಸಲ ಕಲಿಯಬೇಕಾಗಲಿಲ್ಲ.

ಕಾಲು ಒಂದೇ ಆದರೂ ತಲೆ ಬೇರೆ ಬೇಕು ಎಂಬುದನ್ನು ಮರೆಯಬಾರದು. ಸ್ಪೀಡ್ ಸ್ಕೇಟಿಂಗ್‌ನಲ್ಲಿ ಪಕ್ಕದವರು ಹೆಸರಿಗಷ್ಟೇ ಎದುರಾಳಿ, ನಿಜವಾದ ಎದುರಾಳಿ ಗಡಿಯಾರ. ಗುಂಡು ಹಾರಿದ ಕ್ಷಣದಿಂದ ಇದ್ದ ಶಕ್ತಿಯನ್ನೆಲ್ಲ ಸುರಿದರಾಯಿತು. ಸೈಕಲ್ ಸ್ಪ್ರಿಂಟ್ ಹಾಗಲ್ಲ, ಅದು ನಮ್ಮ ಗರಡಿಯ ಕುಸ್ತಿಗೆ ಹತ್ತಿರ. ಬ್ರೇಕ್ ಇಲ್ಲದ, ಗಾಲಿ ತಿರುಗಿದಷ್ಟು ಹೊತ್ತೂ ಪೆಡಲ್ ತಿರುಗಲೇಬೇಕಾದ ಸೈಕಲ್ ಮೇಲೆ ಇಬ್ಬರು ಆಮೆಯಂತೆ ಹೊರಡುತ್ತಾರೆ. ಮುಂದಿರುವವರು ಹಿಂದಿರುವವರನ್ನು ಭುಜದ ಮೇಲಿಂದ ನೋಡುತ್ತಾರೆ. ಹಿಂದಿರುವವರಿಗೆ ಮುಂದಿನವರ ಮರೆಯಲ್ಲಿ ಗಾಳಿ ಕಡಿಮೆ, ಆದ್ದರಿಂದ ಯಾರಿಗೂ ಮುಂದಿರಲು ಇಷ್ಟವಿಲ್ಲ. ಕೆಲವೊಮ್ಮೆ ಇಬ್ಬರೂ ಟ್ರ್ಯಾಕಿನ ಇಳಿಜಾರಿನ ಮೇಲೆ ಸೈಕಲ್ ನಿಲ್ಲಿಸಿಯೇ ಬಿಡುತ್ತಾರೆ. ಗಡಿಯಾರ ಲೆಕ್ಕಕ್ಕೆ ಹಿಡಿಯುವುದು ಕೊನೆಯ 200 ಮೀಟರನ್ನು ಮಾತ್ರ. ವರ್ಷಗಟ್ಟಲೆ ಗಡಿಯಾರದೊಂದಿಗೆ ಮಾತ್ರ ಸೆಣಸಿದವರು ಮನುಷ್ಯರ ಕಣ್ಣು ನೋಡಿ ಆಡುವ ಈ ಆಟವನ್ನು ಬೆಳೆದ ಮೇಲೆ ಕಲಿತು ವಿಶ್ವ ಚಾಂಪಿಯನ್ ಆದದ್ದು, ನನ್ನ ಮಟ್ಟಿಗೆ, ಕ್ಯಾಲ್ಗರಿಯ ಚಿನ್ನಕ್ಕಿಂತ ದೊಡ್ಡ ಸಾಧನೆ. ಇದನ್ನು ಒಪ್ಪದವರು ಇರಬಹುದು.

ದಾರಿ ಕ್ರಿಸ್ಟಾ ಅವರೇ ಕಡಿದದ್ದೂ ಅಲ್ಲ. ಅಮೆರಿಕದ ಶೀಲಾ ಯಂಗ್ 1973ರಲ್ಲಿಯೇ ಸ್ಕೇಟಿಂಗ್ ಮತ್ತು ಸೈಕಲ್ ಎರಡರ ಸ್ಪ್ರಿಂಟ್‌ನಲ್ಲೂ ವಿಶ್ವ ಚಾಂಪಿಯನ್ ಆಗಿ, 1976ರಲ್ಲಿ 500 ಮೀಟರ್ ಸ್ಕೇಟಿಂಗ್‌ನ ಒಲಿಂಪಿಕ್ ಚಿನ್ನ ಗೆದ್ದಿದ್ದರು. ಲೇಕ್ ಪ್ಲಾಸಿಡ್‌ನಲ್ಲಿ ಐದಕ್ಕೆ ಐದೂ ಚಿನ್ನ ಬಾಚಿದ ಎರಿಕ್ ಹೈಡನ್ 1986ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಯಾತ್ರೆಯಲ್ಲಿ ಓಡಿದರು. ಕೆನಡಾದ ಕ್ಲಾರಾ ಹ್ಯೂಸ್ 1996ರಲ್ಲಿ ಸೈಕಲ್ಲಿನಲ್ಲಿ ಎರಡು ಕಂಚು ಗೆದ್ದು, 2006ರಲ್ಲಿ 5000 ಮೀಟರ್ ಸ್ಕೇಟಿಂಗ್‌ನ ಚಿನ್ನ ಗೆದ್ದರು. ಇಷ್ಟು ಜನ ತುಳಿದ ಮೇಲೆ ಅದು ಕಾಲುದಾರಿಯಲ್ಲ, ಗಾಡಿದಾರಿ.

ಈಗ ನಮ್ಮೂರಿಗೆ ಬರುತ್ತೇನೆ. ಈ ವರ್ಷ ಮೊಮ್ಮಗಳನ್ನು ಒಂದು ತರಬೇತಿ ಕೇಂದ್ರಕ್ಕೆ ಸೇರಿಸುವಾಗ ಕೊಟ್ಟ ಅರ್ಜಿಯಲ್ಲಿ "ಕ್ರೀಡೆ" ಎಂಬುದರ ಮುಂದೆ ಒಂದೇ ಗೆರೆ ಇತ್ತು. ಅವಳು ಅಕ್ಷರ ಸಣ್ಣದು ಮಾಡಿ "ಸ್ಕೇಟಿಂಗ್, ಸೈಕ್ಲಿಂಗ್" ಎಂದು ಬರೆದಳು. ಅರ್ಜಿ ಹಿಂದಿರುಗಿ ಬಂತು. ಅಲ್ಲಿದ್ದ ತರಬೇತುದಾರರು ಸಿಟ್ಟಿನಿಂದಲ್ಲ, ಹಿತ ಬಯಸಿಯೇ ಹೇಳಿದರು: "ಸರ, ಎರಡ ದೋಣ್ಯಾಗ ಕಾಲಿಟ್ಟಂಗ ಆಗತೈತ್ರಿ. ಒಂದ ಹಿಡೀಲಿ, ಗಟ್ಟಿಯಾಗಿ ಹಿಡೀಲಿ." ನೀಲಿ ಪೆನ್ನಿನಿಂದ ಒಂದು ಹೆಸರನ್ನು ಹೊಡೆದುಹಾಕಿ ಅರ್ಜಿ ಕೊಟ್ಟೆವು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ.

ಆ ತರಬೇತುದಾರರ ಮಾತಿಗೆ ತೂಕವಿಲ್ಲವೆಂದು ನಾನು ಹೇಳುವುದಿಲ್ಲ. ಒಂದು ಜೊತೆ ಒಳ್ಳೆಯ ಸ್ಕೇಟ್‌ಗೆ ಸಾವಿರಾರು ರೂಪಾಯಿ ಸುರಿಯುವ ಪಾಲಕರಿಗೆ ಸ್ಪರ್ಧೆಯ ಸೈಕಲ್ ಕೂಡ ಕೊಡಿಸೆಂದರೆ ಯಾರ ಕಿಸೆಯೂ ತಡೆಯದು. ಶಾಲೆ, ಟ್ಯೂಷನ್ ಮುಗಿದ ಮೇಲೆ ಉಳಿಯುವುದು ಒಂದೂವರೆ ತಾಸು. ಯಾವ ಎರಡು ಆಟಗಳನ್ನಾದರೂ ಜೋಡಿಸಬಹುದೆಂದೂ ಅಲ್ಲ. ಈಜಿಗೂ ಕಬಡ್ಡಿಗೂ ಗಂಟು ಹಾಕಿದರೆ ಎರಡೂ ಕೆಡುತ್ತವೆ. ಕ್ರಿಸ್ಟಾ ಬೆಳೆದ ದೇಶದ ವ್ಯವಸ್ಥೆಯನ್ನು ಹೊಗಳುವುದಂತೂ ನನ್ನ ಉದ್ದೇಶವಲ್ಲ. ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಕ್ರೀಡಾಪಟುಗಳಿಗೆ, ಎಷ್ಟೋ ಸಲ ಅವರಿಗೆ ತಿಳಿಯದಂತೆ, ಉದ್ದೀಪನ ಮದ್ದು ನೀಡುತ್ತಿತ್ತೆಂಬುದು ಬರ್ಲಿನ್ ಗೋಡೆ ಬಿದ್ದ ಮೇಲೆ ದಾಖಲೆಗಳಿಂದಲೇ ಹೊರಬಂತು. ಇದನ್ನು ಯಾರೊಬ್ಬರ ಮೇಲಿನ ಆರೋಪವಾಗಿ ಬರೆಯುತ್ತಿಲ್ಲ, ಆ ಕಾಲದ ಪದಕಪಟ್ಟಿಯ ಬಗ್ಗೆ ಬರೆಯುವವರು ಬಿಡಬಾರದ ಮಾತೆಂದು ಬರೆದಿದ್ದೇನೆ. ನಾನು ಅಲ್ಲಿಂದ ತರಲು ಹೇಳುತ್ತಿರುವುದು ಋತುವಿಗೆ ತಕ್ಕಂತೆ ತಾಲೀಮು ಬದಲಿಸುವ ಒಂದು ಪದ್ಧತಿಯನ್ನು ಮಾತ್ರ.

ಆ ಪದ್ಧತಿ ನಮಗೆ ಹೊಸದೂ ಅಲ್ಲ. ನಾನು ಕೆಲಸಕ್ಕೆ ಸೇರಿದಾಗ ಶಾಲೆಯಲ್ಲಿ ಆಟಕ್ಕೆ ಬರುವ ಹುಡುಗಿಯರು ಹತ್ತೋ ಹನ್ನೆರಡೋ. ತಾಲೂಕು ಮಟ್ಟದ ಕ್ರೀಡಾಕೂಟಕ್ಕೆ ಖೋಖೋ ತಂಡ ಬೇಕೆಂದರೆ ಅವರೇ, ಥ್ರೋಬಾಲ್‌ಗೂ ಅವರೇ, 200 ಮೀಟರ್ ಓಟಕ್ಕೂ ಅವರಲ್ಲೇ ಇಬ್ಬರು. ಖೋಖೋದಲ್ಲಿ ಕಂಬ ಸುತ್ತಿ ತಿರುಗುವುದನ್ನು ಕಲಿತ ಹುಡುಗಿ ಓಟದ ಪಥದ ತಿರುವಿನಲ್ಲಿ ಉಳಿದವರಿಗಿಂತ ಸಲೀಸಾಗಿ ವಾಲುತ್ತಿದ್ದಳು. ನಮ್ಮದು ಬಡತನದಿಂದ ಬಂದ ಪದ್ಧತಿ, ಲೂಡಿಂಗ್ ಅವರದು ಲೆಕ್ಕಾಚಾರದಿಂದ ಬಂದದ್ದು. ಸುಗ್ಗಿಯಲ್ಲಿ ನೆಲದೊಳಗಿನ ಹಗೇವಿಗೆ ಜೋಳ ತುಂಬಿದ ರೈತ ಮುಂಗಾರಿಗೆ ಹೆಸರುಕಾಳು ಬಿತ್ತುತ್ತಾನೆ. ಎರಡು ಬೆಳೆ ತೆಗೆದನೆಂದು ಅವನನ್ನು ಎರಡು ದೋಣಿಯವನೆಂದು ಯಾರೂ ಅನ್ನುವುದಿಲ್ಲ. ನಗರದಲ್ಲಿ ಆಟಕ್ಕೊಂದು ಅಕಾಡೆಮಿ, ಮಗುವಿಗೊಂದು ಆಟ ಎಂದು ಹಂಚಿಕೆಯಾದ ಮೇಲೆಯೇ ಈ ಗೆರೆ ಬಂದದ್ದು.

ನಮ್ಮ ಭಾಗಕ್ಕೆ ಇದು ಹೆಚ್ಚು ಒಪ್ಪುತ್ತದೆ ಎನ್ನಲು ಕಾರಣವಿದೆ. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು ರಾಜ್ಯಕ್ಕೆ ಸೈಕಲ್ ಓಟಗಾರರನ್ನು ಕೊಟ್ಟ ನೆಲ. ನಸುಕಿನಲ್ಲಿ ಗದಗದಿಂದ ಹೊರಬೀಳುವ ಯಾವ ರಸ್ತೆಯಲ್ಲಿ ನಿಂತರೂ ಎರೆಹೊಲಗಳ ನಡುವೆ ಸಾಲಾಗಿ ಬರುವ ಮಕ್ಕಳನ್ನು ಕಾಣಬಹುದು. ಕಪ್ಪತಗುಡ್ಡದ ಕಡೆಯ ಗಾಳಿಗೆ ಎದುರಾಗಿ ತುಳಿಯುವುದೇ ಅವರಿಗೆ ಮೊದಲ ಪಾಠ. ಹುಬ್ಬಳ್ಳಿ-ಧಾರವಾಡದಲ್ಲಿ ರೋಲರ್ ಸ್ಕೇಟಿಂಗ್ ಕಲಿಯುವ ಮಕ್ಕಳಿಗೇನೂ ಕೊರತೆಯಿಲ್ಲ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ರೋಲರ್ ಸ್ಕೇಟಿಂಗ್ ತಂಡಗಳು 3000 ಮೀಟರ್ ರಿಲೇಯಲ್ಲಿ ಕಂಚು ಗೆದ್ದ ಮೇಲೆ ಹುರುಪೂ ಇದೆ. ಈ ಎರಡು ಗುಂಪಿನ ಮಕ್ಕಳ ನಡುವೆ ಇರುವುದು ಒಂದು ತಾಸಿನ ರೈಲು ಪ್ರಯಾಣ. ಆದರೂ ಒಬ್ಬರ ಮುಖ ಒಬ್ಬರು ಕಂಡಿಲ್ಲ.

ಆದ್ದರಿಂದ ನನ್ನ ಕೋರಿಕೆ ಬಹಳ ಸಣ್ಣದು. ಕೋಟಿಗಟ್ಟಲೆ ಬೇಡುವ ಕಟ್ಟಡವನ್ನೂ ಮಂಜಿನ ಅಂಕಣವನ್ನೂ ಕೇಳುತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನೆಲ ಒದ್ದೆಯಿರುವ ದಿನಗಳಲ್ಲಿ, ಸ್ಕೇಟಿಂಗ್ ಮಕ್ಕಳನ್ನು ವಾರಕ್ಕೆ ಎರಡು ದಿನ ಸಾಧಾರಣ ಸೈಕಲ್ಲಿನ ಮೇಲೆ ಏರು ಹತ್ತಿಸಲಿ. ಅದಕ್ಕೆ ಗೇರಿನ ಸೈಕಲ್ಲೂ ಬೇಡ, ಶಾಲೆಗೆ ಹೋಗುವ ಸೈಕಲ್ ಸಾಕು. ಸೈಕಲ್ ಮಕ್ಕಳು ಒಣ ತಿಂಗಳುಗಳಲ್ಲಿ ಗಾಲಿಕಾಲು ಕಟ್ಟಿಕೊಂಡು ಎಡತಿರುವಿನಲ್ಲಿ ವಾಲುವುದನ್ನು ಕಲಿಯಲಿ. ತರಬೇತಿ ಕೇಂದ್ರಗಳ, ಶಾಲೆಗಳ ಅರ್ಜಿಯಲ್ಲಿ "ಕ್ರೀಡೆ" ಎಂಬುದರ ಕೆಳಗೆ "ಪೂರಕ ಕ್ರೀಡೆ" ಎಂದು ಇನ್ನೊಂದು ಗೆರೆ ಎಳೆಯಲಿ. ಯಾವುದನ್ನು ಮುಖ್ಯ ಮಾಡಿಕೊಳ್ಳಬೇಕೆಂಬುದು ಹದಿನಾರು ಹದಿನೇಳಕ್ಕೆ ತಾನಾಗಿ ತೀರ್ಮಾನವಾಗುತ್ತದೆ, ಹನ್ನೊಂದಕ್ಕೇ ಪೆನ್ನು ಹಿಡಿಯುವ ಅವಸರವಿಲ್ಲ.

ಕ್ರಿಸ್ಟಾ ಅವರ ವಿಷಯದಲ್ಲೂ ಮುಖ್ಯವಾದದ್ದು ಮುಖ್ಯವಾಗಿಯೇ ಉಳಿಯಿತು. 1992ರಲ್ಲಿ, ಒಂದಾದ ಜರ್ಮನಿಯ ಪರವಾಗಿ, ಮೂವತ್ತೆರಡನೆಯ ವಯಸ್ಸಿನಲ್ಲಿ ಅವರು ಫ್ರಾನ್ಸಿನ ಆಲ್ಬರ್ಟ್‌ವಿಲ್‌ನ ಬಯಲು ಅಂಕಣದಲ್ಲಿ ಕೊನೆಯ ಒಲಿಂಪಿಕ್ಸ್ ಓಡಿದರು. ಬ್ಲೇರ್ ಮತ್ತು ಚೀನಾದ ಯೆ ಚಿಯಾವೋಬೊ ಅವರ ನಂತರ 40.57 ಸೆಕೆಂಡುಗಳಲ್ಲಿ ಬಂದು ಕಂಚು ಪಡೆದರು. ಹನ್ನೆರಡು ವರ್ಷದ ಹಿಂದೆ 12ನೆಯವರಾಗಿ ಶುರು ಮಾಡಿದ ಅದೇ 500 ಮೀಟರ್. ತಮ್ಮ ಟಿಪ್ಪಣಿಯನ್ನು ತಿದ್ದುವಾಗ ದಯವಿಟ್ಟು ಅವರನ್ನು ಸ್ಪೀಡ್ ಸ್ಕೇಟರ್ ಎಂದು ಮೊದಲು ಬರೆದು, ಸೈಕಲ್ಲನ್ನು ಆಮೇಲೆ ಬರೆಯಬೇಕಾಗಿ ವಿನಂತಿ. ಆ ತಿದ್ದುಪಡಿ ಅಚ್ಚಾದ ದಿನ ಅದನ್ನು ಕತ್ತರಿಸಿ, ಮೊಮ್ಮಗಳ ಮುಂದಿನ ವರ್ಷದ ಅರ್ಜಿಗೆ ಟಾಚಣಿ ಚುಚ್ಚಿ ಕೊಡುವವನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ಬೆಟಗೇರಿ, ಗದಗ